ಈಲಿ

ಬೆಳಗಿನ ಐದೂಕಾಲಿಗೆ ಮಂಡಿ ಮೊಹಲ್ಲಾದ ಅಂಗಡಿ ಮುಂದೆ
ಸೈಕಲ್ಲು ನಿಲ್ಲಿಸಿ, ಸೆರಗು ಮೂಗಿಗೆ ಹಿಡಿದು ನಿಂತವಳು ನಾನು.
ಕೊರಳಲ್ಲಿ ಕರಡಿಗೆ, ಕೈಯಲ್ಲಿ ಐಸು ತುಂಬಿದ ಥರ್ಮಾಸು.
ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಯಿಂದ ಬಂದು
ಕೇಳುತ್ತಿದ್ದೆ: ಆಡಿನ ಈಲಿ, ಬಿಸಿ ಆರದ್ದು, ಒಂದು.

"ಹುರಿಯೋಕಾ, ಸಾರಿಗಾ?" ವಾಜಿದ್ ಸಾಬರು, ಮೊದಲ ದಿನ.
"ಅರೆಯೋಕೆ" ಎಂದೆ. ಅವರು ನಗಲಿಲ್ಲ.
ಎರಡನೆಯ ವಾರದಿಂದ ನನ್ನ ಬೆಲ್ಲು ಕೇಳಿದ ಮೇಲೇ ಕತ್ತಿ ಎತ್ತುತ್ತಿದ್ದರು.
ಕುಕ್ಕರಹಳ್ಳಿ ಕೆರೆ ಏರಿಯ ಪಕ್ಕ ತುಳಿದು ಗಂಗೋತ್ರಿ ಮುಟ್ಟುವಾಗ
ಥರ್ಮಾಸಿನೊಳಗೆ ಐಸು ಗುಲಾಬಿ.

ಅಪ್ಪ ಮಂಡ್ಯದ ಕಾರ್ಖಾನೆಯಲ್ಲಿ ಕಬ್ಬು ತೂಗುವ ಗುಮಾಸ್ತ.
ತುಂಬಿದ ಗಾಡಿ ತೂಗು, ಖಾಲಿ ಗಾಡಿ ತೂಗು, ಕಳೆ,
ಉಳಿದದ್ದಷ್ಟೇ ರೈತನದು ಅನ್ನುತ್ತಿದ್ದ.
ನಾನೂ ಟ್ಯೂಬುಗಳ ಮುಂದೆ ಕೂತು ಕಳೆದದ್ದೇ ಕಳೆದದ್ದು:
ಹಾರ್ಮೋನು ಒಟ್ಟು ಅಂಟಿದ್ದೆಷ್ಟು, ಅದರಲ್ಲಿ ಸುಮ್ಮನೆ ಅಂಟಿದ್ದೆಷ್ಟು,
ಕಳೆದರೆ ಉಳಿಯುವುದು ಕೋಶ ನಿಜವಾಗಿ ಹಿಡಿದುಕೊಂಡದ್ದು.
ಬಹಳ ಸಲ ಏನೂ ಉಳಿಯುತ್ತಿರಲಿಲ್ಲ.

ಎಣಿಸಲು ಬೇಕಾದ ಅಯೋಡಿನ್ನು ಮುಂಬಯಿಯಿಂದ ಸೀಸದ ಕುಡಿಕೆಯಲ್ಲಿ
ರೈಲು ಹತ್ತಿ ಬರುತ್ತಿತ್ತು. ಅರವತ್ತು ದಿನಕ್ಕೆ ಅರ್ಧ.
ಸಾಲು ರಜೆ ಬಂದರೆ ಪಾರ್ಸಲ್ ಆಫೀಸಿನ ಕತ್ತಲಲ್ಲಿ
ವೀಳ್ಯದೆಲೆ ಪೆಂಡಿಗಳ ನಡುವೆ ಕೂತು ಕರಗುತ್ತಿತ್ತು.
ಎಲೆ ಬಾಡಿದ್ದು ಕಾಣುತ್ತದೆ, ಇದು ಕಾಣದು.
ನನಗೆ ಬರುತ್ತಿದ್ದ ಜಾತಕಗಳೂ ಹಾಗೆಯೇ,
ಅರ್ಧ, ಅರ್ಧದರ್ಧ. ಪೂರ್ತಿ ಸೊನ್ನೆಯಾಗಲಿಲ್ಲ, ಅಷ್ಟೆ.

ಆಮೇಲೆ ಇಲಿಗಳು.
ಇಲಿಗೂ ಈಲಿಗೂ ಒಂದೇ ಮಾತ್ರೆಯ ಅಂತರ
ಎಂದು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆ.
ಮೈಬಿಸಿಯ ನೀರಲ್ಲಿ ಕಿಣ್ವ ಹರಿಸಿದರೆ ಹತ್ತು ನಿಮಿಷಕ್ಕೆ ಸಡಿಲ;
ಮೆಲ್ಲಗೆ ಬಾಚಿದರೆ ಕೋಶಗಳು ಬಿಡಿಬಿಡಿ, ರಾಗಿಯಷ್ಟು ದುಂಡಗೆ.
ನಾಲ್ಕು ತಾಸಿಗೆ ತಟ್ಟೆಯ ತಳ ಹಿಡಿಯುತ್ತವೆ,
ಮರುದಿನ ಪಕ್ಕದವರ ಅಂಚು ಮುಟ್ಟುತ್ತವೆ,
ವಾರ ಕಳೆದರೆ ತಾವು ಈಲಿಯೆಂಬುದನ್ನೇ ಮರೆಯುತ್ತವೆ.
ಸಾಯುವುದಿಲ್ಲ. ಚಪ್ಪಟೆಯಾಗಿ ಬದುಕಿರುತ್ತವೆ, ಯಾರದೋ ಮನೆಯಲ್ಲಿ
ಯಾರೋ ಇದ್ದ ಹಾಗೆ.

ನನ್ನ ಹಾರ್ಮೋನು ಹನಿಸಿದರೆ ಮರೆಯುತ್ತಿರಲಿಲ್ಲ.
ಹನ್ನೊಂದು ವರ್ಷ. ಒಂಬತ್ತು ಪ್ರಬಂಧ. ಬೆಳ್ಳಿ ಲೇಪದ ಒಂದು ಫಲಕ.
ಕೆಂಪರಾಜುವಿನ ಡಾಕ್ಟರೇಟು, ಅದರಿಂದ ಅವನ ನೌಕರಿ.

ಹನ್ನೆರಡನೆಯ ವರ್ಷ ಬೇರೆ ಕಂಪನಿಯ ಸೀಸೆ ಬಂತು,
ಮೊದಲಿನದಕ್ಕಿಂತ ಶುದ್ಧ. ಕೋಶಗಳು ಮರೆತವು.
ತಟ್ಟೆ ಬದಲಿಸಿದೆ, ನೀರು ಬದಲಿಸಿದೆ, ಕರೆಂಟನ್ನು ಬೈದೆ,
ಇಲಿಮನೆಯ ಸಿದ್ದಪ್ಪಾಜಿಯನ್ನೂ ಬೈದೆ.
ಹಳೆಯ ಸೀಸೆಯ ತಳದಿಂದ ಒಂದು ಹನಿ ಬಿಟ್ಟರೆ ನೆನಪಾಗುತ್ತಿತ್ತು.
ಅಂದರೆ, ಇಷ್ಟು ದಿನ ನೆನಪಿಸಿದ್ದು ಹಾರ್ಮೋನಲ್ಲ,
ಅದರೊಳಗಿದ್ದ ಕೊಳೆ.

ವಾಜಿದ್ ಸಾಬರು ಎಂದೋ ಹೇಳಿದ್ದು ಆಗ ನೆನಪಾಯಿತು:
"ಪಿತ್ತ ಒಡೆದು ಈಲಿ ಕಹಿಯಾದ್ರೆ ಆಡನ್ನ ಬೈಬಾರ್ದಮ್ಮ,
ಕತ್ತಿ ಹಿಡಿದಿದ್ದು ಯಾರ ಕೈ ಅಂತ ನೋಡ್ಕೋಬೇಕು."
ಪತ್ರಿಕೆಗೆ ಬರೆದೆ, ನನ್ನದು ತಪ್ಪು ಎಂದು.
ನಾಲ್ಕು ಸಾಲು. ಮೂರು ರಾತ್ರಿ ಹಿಡಿಯಿತು.
ಕೆಂಪರಾಜು ಫೋನು ಮಾಡಿದ. ಬಹಳ ಹೊತ್ತು ಇಬ್ಬರೂ
ತಂತಿಯ ಸದ್ದನ್ನು ಕೇಳಿಸಿಕೊಂಡೆವು.
ಫಲಕ ವಾಪಸು ಕೊಡಲು ಹೋದರೆ
ಅದಕ್ಕೆ ನಮೂನೆಯ ಅರ್ಜಿ ಇಲ್ಲವೆಂದರು.

ಬಿಂದುಶ್ರೀ, ಇಗೋ ಫ್ರೀಜರಿನ ಕೀಲಿ.
ಎರಡು ಸಲ ತಿರುಗಿಸು, ಮೊದಲ ಸಲ ಸುಳ್ಳು.
ಮೂರನೆಯ ಅರೆಯ ಹಿಂದೆ, ಮಂಜು ಕೆರೆದರೆ ಸಿಗುತ್ತದೆ,
ಕಿರುಬೆರಳಿಗಿಂತ ಸಣ್ಣ ಟ್ಯೂಬು, ಚೀಟಿಯಲ್ಲಿ ನನ್ನ ಕೈಬರಹ: ಕೊಳೆ.
ಅದರಲ್ಲಿ ಏನಿದೆಯೋ ನನಗೆ ಈಗಲೂ ಗೊತ್ತಿಲ್ಲ.
ಒಂದು ಹನಿಯಷ್ಟೇ ಉಳಿದಿದೆ.
ಅಪ್ಪನ ಲೆಕ್ಕದಲ್ಲಿ ಅದು ಕಳೆಯಬೇಕಾದ ಗಾಡಿ.
ನೀನು ಕಳೆಯಬೇಡ.
ಮತ್ತೆ, ಬೇಸಿಗೆಯಲ್ಲಿ ಕರೆಂಟು ಹೋದರೆ
ಜನರೇಟರು ಹುಡುಗನಿಗಾಗಿ ಕಾಯುತ್ತ ಕೂರಬೇಡ,
ನನ್ನ ಹಳೆಯ ಥರ್ಮಾಸು ಬೀರುವಿನ ಮೇಲಿದೆ.